ಅತ್ತೆಯ ಮೂರು ಹಿಡಿ

ತಮ್ಮ ಅಂಗಡಿಯ ಸಾಸೇಜಿನಲ್ಲಿ, ಅದು ಕೆಡದಂತೆ ಹಾಕುವ ನೈಟ್ರೈಟ್ ಉಪ್ಪು ಮಿತಿಗಿಂತ ಎರಡು ಪಟ್ಟಿದೆ ಎಂದು ಪ್ರಯೋಗಾಲಯದ ವರದಿ ಬಂದ ದಿನ ಸೊಸೆಗೆ ಊಟ ಸೇರಲಿಲ್ಲ. ಮೂವತ್ತು ವರ್ಷ ಅತ್ತೆ ನಡೆಸಿದ ಅಂಗಡಿ ಅದು. ಅವರು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ, ಎರಡು ತಿಂಗಳಿಂದ ಮಾಂಸ ಕಲಸುವುದು ಇವಳ ಪಾಲಿಗೆ ಬಂದಿತ್ತು. ಇನ್ನು ಅತ್ತೆಗೆ ಯಾವ ಮುಖ ತೋರಿಸಲಿ ಎಂದುಕೊಳ್ಳುತ್ತಲೇ ಪ್ರಯೋಗಾಲಯದ ಮೆಟ್ಟಿಲು ಹತ್ತಿದಳು.

ಪರೀಕ್ಷೆ ಮಾಡಿದ ಹೆಂಗಸು ಗದರಲಿಲ್ಲ. "ಅಳತೆ ಹೇಗೆ ಮಾಡ್ತೀರಿ?" ಎಂದು ಕೇಳಿದಳು.

"ಒಂದು ಬಾನಿ ಮಾಂಸಕ್ಕೆ ಮೂರು ಹಿಡಿ. ಅತ್ತೆ ಹೇಳಿಕೊಟ್ಟಿದ್ದು. ಒಂದು ಕಾಳೂ ಹೆಚ್ಚು ಹಾಕಿಲ್ಲ."

ಆಕೆ ತಕ್ಕಡಿಯ ಮೇಲೆ ಗಾಜಿನ ಬಟ್ಟಲಿಟ್ಟು, ಮಾಮೂಲಿ ಉಪ್ಪಿನ ಡಬ್ಬಿಯನ್ನು ಮುಂದೆ ಸರಿಸಿದಳು. ಸೊಸೆ ಒಂದು ಹಿಡಿ ತುಂಬಿ ಸುರಿದಳು. ಆಕೆ ಅಂಕಿ ನೋಡಿದಳು, ಆಮೇಲೆ ಆ ಅಗಲವಾದ ಅಂಗೈಯನ್ನು ನೋಡಿದಳು.

"ನಿಮ್ಮತ್ತೆ ಕೈ ಎಷ್ಟು ದೊಡ್ಡದು?"

ಸೊಸೆಗೆ ಥಟ್ಟನೆ ಹೊಳೆಯಿತು. "ನಮ್ಮತ್ತೆ ಗುಬ್ಬಚ್ಚಿ ಹಾಗಿದ್ದಾರೆ. ಅವರ ಗ್ಲೌಸು ನನ್ನ ನಾಲ್ಕು ಬೆರಳಿಗೇ ಸಾಲಲ್ಲ." ಹೇಳುತ್ತಲೇ ಅಳುವೂ ಬಂತು, ನಗುವೂ ಬಂತು.

ಹಳೆಯ ಸರಕನ್ನೆಲ್ಲ ವಾಪಸು ತರಿಸಿ ನಾಶಮಾಡಬೇಕಾಯಿತು. ಅದರಲ್ಲಿ ವಿನಾಯಿತಿ ಸಿಗಲಿಲ್ಲ. ಆದರೆ ಬಾನಿಗೆ ಎಷ್ಟು ಗ್ರಾಂ ಎಂದು ಆಕೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಳು. ತಕ್ಕಡಿ ಕೊಂಡ ಮೇಲೆ ಕಳಿಸಿದ ಮಾದರಿ ಪಾಸಾಯಿತು.

ವಿಷಯ ಕೇಳಿದ ಅತ್ತೆ ಮಲಗಿದಲ್ಲೇ ಸೊಸೆಯ ಕೈ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ತಪ್ಪು ನಂದೇ ಕಣೆ," ಎಂದರು. "ಇಷ್ಟು ವರ್ಷ ಈ ಕೈಲಿ ಬಡಿಸಿಕೊಂಡು ಉಂಡಿದ್ದೀನಿ, ಆಗಲೇ ಗೊತ್ತಾಗಬೇಕಿತ್ತು."