ಬಲಗಡೆ ಹಿಡಿ ಯಾಕೆ ತಣ್ಣಗಿತ್ತು

ಯೊವ್ಸೆತ್ ಹಿಮದ ಮೇಲೆ ಓಡುವ ಗಾಡಿ ಸ್ನೋಮೊಬೈಲಿನಿಂದ ಜಿಗಿದವನೇ ಬಲಗೈ ಹೆಬ್ಬೆರಳನ್ನು ಕಂಕುಳಲ್ಲಿ ಅದುಮಿಕೊಂಡ. ಬೆರಳು ಮೇಣದ ಹಾಗೆ ಬಿಳಿಚಿತ್ತು. ಕರೆಂಟಿನಿಂದ ಬಿಸಿಯಾಗಬೇಕಿದ್ದ ಹ್ಯಾಂಡಲಿನ ಬಲಗಡೆ ಹಿಡಿ ದಿನವಿಡೀ ತಣ್ಣಗೇ ಇತ್ತು. ಬೇಲಿಯೊಳಗೆ ಗಬ್ಬದ ಹಿಮಸಾರಂಗಗಳು ಕಾಲು ಕೆರೆಯುತ್ತಿದ್ದವು. ನಾಳೆ ಅವು ಕಡಲ ಕಡೆ ಹೊರಡಲೇಬೇಕು. ತಡವಾದರೆ ಮರಿಗಳು ದಾರಿಯ ಹಿಮದಲ್ಲೇ ಹುಟ್ಟುತ್ತವೆ.

"ಹಿಡಿ ಇವತ್ತೂ ಬಿಸಿಯಾಗ್ಲಿಲ್ವಾ ಅಣ್ಣಾ?" ಬೆಂಕಿಯ ಬಳಿ ಕೂತಿದ್ದ ಸುನ್ನಾ ಕೇಳಿದಳು. ಚಿಕ್ಕಪ್ಪನ ಮಗಳು. ಇಬ್ಬರ ಹಿಂಡೂ ಒಟ್ಟಿಗೇ ಮೇಯುವುದು.

"ಆಗದಿದ್ರೆ ಬಿಡು. ಅಜ್ಜ ಸ್ಕೀ ಮೇಲೇ ಹಿಂಡು ಕಾದ. ಅವನ ಕೋಲಿಗೆ ಯಾರು ಕರೆಂಟ್ ಕೊಟ್ಟಿದ್ರು?"

"ಅಜ್ಜ ಮೈ ಆಡಿಸ್ತಿದ್ದ. ನೀನು ರಾಜನ ಥರ ಕೂತು ಗಾಳಿ ಕುಡೀತೀಯ. ಬೆರಳು ತೋರ್ಸು. ಏಯ್, ತಿಕ್ಕಬೇಡ!"

ಅವಳು ಬೆರಳನ್ನು ತನ್ನ ಅಂಗೈಗಳ ನಡುವೆ ಮೆತ್ತಗೆ ಹಿಡಿದು ಕೂತಳು. ಸ್ವಲ್ಪ ಹೊತ್ತಿಗೆ ಅವನು ಮುಖ ಕಿವುಚಿದ.

"ಉರೀತಿದ್ಯಾ? ಸದ್ಯ, ಜೀವ ಇದೆ."

"ನಾಳೆ ದಪ್ಪ ಗವಸು ಹಾಕ್ತೀನಿ."

"ಹಾಕ್ಕೊಂಡ್ರೆ ಆಕ್ಸಿಲರೇಟರ್ ಎಷ್ಟು ಒತ್ತಿದೀಯ ಅಂತ ಬೆರಳಿಗೆ ಗೊತ್ತಾಗುತ್ತಾ? ಗಬ್ಬದ ಹಿಂಡಿಗೆ ಗಾಡಿ ನುಗ್ಗಿಸ್ತೀಯಾ?"

ಯೊವ್ಸೆತ್ ಗಾಡಿಯ ಕಡೆ ತಿರುಗಿ ನೋಡಿದ.

"ಎಡಗಡೆ ಹಿಡಿ ಹೇಗಿದೆ?" ಎಂದಳು ಸುನ್ನಾ.

"ಕಾಫಿ ಲೋಟದ ಥರ ಬೆಚ್ಚಗಿದೆ."

"ಹಾಗಾದ್ರೆ ಫ್ಯೂಸು, ಸ್ವಿಚ್ಚು ಸರಿ ಇವೆ. ನಿನ್ನ ಗಾಡೀಲಿ ಎರಡೂ ಹಿಡಿಗೆ ಅವು ಒಂದೇ. ಎರಡೂ ತಣ್ಣಗಿದ್ದಿದ್ರೆ ಮೊದಲು ಅಲ್ಲಿ ನೋಡ್ತಿದ್ವಿ. ಈಗ ಬಲಗಡೆ ತಂತಿ ಹುಡುಕೋಣ."

ಬ್ರೇಕ್ ಬಿಗಿದು ಇಂಜಿನ್ ಚಾಲೂ ಮಾಡಿದರು. ಸುನ್ನಾ ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ ಹಿಡಿದಳು. ಯೊವ್ಸೆತ್ ಬಲಗಡೆ ಹಿಡಿಯ ಮೇಲೆ ಕೈಯಿಟ್ಟು ಕಾದ.

"ಬಿಸಿ ಬರ್ತಿದೆ ಕಣೇ!"

ಹ್ಯಾಂಡಲ್ ನೆಟ್ಟಗೆ ಮಾಡಿದಳು. ಹಿಡಿ ಮತ್ತೆ ತಣ್ಣಗಾಯಿತು.

"ಹಿಡಿ ಸತ್ತಿಲ್ಲ. ತಂತಿ ಎಲ್ಲೋ ಒಳಗೊಳಗೇ ತುಂಡಾಗಿದೆ. ತಿರುಗಿಸಿದಾಗ ತುದಿಗಳು ಸೇರ್ತಿವೆ."

ಇಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಮುಚ್ಚಳ ಬಿಚ್ಚಿದರು. ಹ್ಯಾಂಡಲ್ ತಿರುಗುವ ಬುಡದಲ್ಲಿ ತಂತಿ ಎಳೆದು ಎಳೆದು ಸವೆದಿತ್ತು. ಅದರ ಮೇಲೇ ಜೋತಾಡುತ್ತಿತ್ತು ಹಿಮಸಾರಂಗ ಹಿಡಿಯುವ ಕುಣಿಕೆ ಹಗ್ಗದ ಸುರುಳಿ, ಹೆಪ್ಪುಗಟ್ಟಿ ಕಬ್ಬಿಣದಷ್ಟು ಭಾರವಾಗಿ. ಥಟ್ಟನೆ ಕೈಗೆ ಸಿಗಲೆಂದು ಅವನು ಚಳಿಗಾಲವಿಡೀ ಅದನ್ನು ಅಲ್ಲೇ ನೇತು ಹಾಕಿದ್ದ. ಎಲ್ಲ ಹಿಂಡುಗಾರರೂ ಹಾಗೇ ಮಾಡುವುದು.

"ನಾನು ಹೊಸ ಹಿಡೀನೇ ತರಿಸೋನಿದ್ದೆ," ಎಂದ ಸಣ್ಣ ದನಿಯಲ್ಲಿ.

"ಬೆರಳು ಎಲ್ಲಿಂದ ತರಿಸ್ತಿದ್ದೆ?"

ಸವೆದ ತುಂಡನ್ನು ಕತ್ತರಿಸಿ ತೆಗೆದು ಬೇರೆ ತಂತಿ ಬೆಸೆದರು. ಹ್ಯಾಂಡಲ್ ಎತ್ತ ತಿರುಗಿದರೂ ಎಳೆಯದಷ್ಟು ಸಡಿಲ ಬಿಟ್ಟು ಕಟ್ಟಿದರು. ಹಿಡಿ ಬಿಸಿಯಾಯಿತು, ಬಿಸಿಯಾಗಿಯೇ ಉಳಿಯಿತು.

ಇದನ್ನು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಹೊರಡುವ ಮುಂಚೆ ಎರಡೂ ಹಿಡಿಗಳನ್ನು ಮುಟ್ಟಿ ನೋಡಿ. ಒಂದು ತಣ್ಣಗಿದ್ದರೆ ಹಲ್ಲು ಕಚ್ಚಿ ಸಹಿಸಬೇಡಿ. ಅಕ್ಕಪಕ್ಕದವರನ್ನು ಕರೆಯಿರಿ, ತಂತಿ ನೋಡಿ. ಹ್ಯಾಂಡಲಿಗೆ ಏನನ್ನೂ ನೇತು ಹಾಕಬೇಡಿ.

ಮರುದಿನ ಬೆಳಿಗ್ಗೆ ಬೇಲಿ ತೆರೆಯಿತು, ಹಿಂಡು ಹೊರಬಿತ್ತು. ಗಡಿಬಿಡಿಯಲ್ಲಿ ಸುನ್ನಾ ಅಣ್ಣನ ಹಗ್ಗ ಸುತ್ತಿ, ಅಭ್ಯಾಸಕ್ಕೆ, ಹ್ಯಾಂಡಲಿನ ಬಲಗಡೆಗೇ ನೇತು ಹಾಕಲು ಕೈ ಚಾಚಿದಳು.

ಯೊವ್ಸೆತ್ ಅವಳ ಕೈ ತಡೆದ.

"ಅಲ್ಲಿ ಬೇಡ. ಅಜ್ಜ ಹೆಗಲಿಗೆ ಹಾಕ್ಕೋತಿದ್ದ."