ಪಟ್ಟಿ ಕಟ್ಟಿಕೊಂಡು ಆಡಿದ ಕಾಲು

ಶಾಲೆಯ ಕೊನೆಯ ಗಂಟೆ ಹೊಡೆದಾಗ ಫುಟ್‌ಬಾಲ್ ಮೇಷ್ಟ್ರು ಆಟದ ಸಾಮಾನಿನ ಕೋಣೆಯಲ್ಲಿ ಚೆಂಡುಗಳಿಗೆ ಗಾಳಿ ತುಂಬುತ್ತಿದ್ದರು. ಹನ್ನೆರಡರಲ್ಲಿ ಐದು ಮಾತ್ರ ಗಾಳಿ ಹಿಡಿಯುತ್ತಿದ್ದವು. ಎದ್ದು ನಿಂತರೆ ಬಲಗಾಲಿನ ಮಂಡಿ ಅವರ ಮಾತು ಕೇಳುತ್ತಿರಲಿಲ್ಲ. ಕಾಲೇಜಿನಲ್ಲಿದ್ದಾಗ ಅವರ ಆಟ ನೋಡಲೆಂದೇ ಜನ ಸೇರುತ್ತಿದ್ದರು. ಊದಿದ ಮಂಡಿಗೆ ಪಟ್ಟಿ ಕಟ್ಟಿಸಿಕೊಂಡು ಒಂದು ಪಂದ್ಯ ಆಡಿದರು. ಅಲ್ಲಿಗೆ ಎಲ್ಲ ಮುಗಿಯಿತು. ಆಮೇಲೆ ಈ ಹೈಸ್ಕೂಲು, ಇಪ್ಪತ್ತಾರು ವರ್ಷ. ಒಂದು ಸಲವೂ ಕಪ್ ಕೈಗೆ ಬಂದಿರಲಿಲ್ಲ.

ಈ ವರ್ಷ ಹುಡುಗಿಯರ ತಂಡ ಫೈನಲ್ ತಲುಪಿತ್ತು. ತಲುಪಿಸಿದ್ದು ನಾಯಕಿಯ ಕಾಲು. ಆ ಕಾಲು ಈಗ ಬೆಂಚಿನ ಮೇಲಿತ್ತು. ಸೆಮಿಫೈನಲ್‌ನಲ್ಲಿ ಬಿದ್ದ ಏಟಿಗೆ ಪಾದದ ಗಂಟು ಊದಿ, ಬೂಟಿನೊಳಗೆ ಹೋಗುತ್ತಿರಲಿಲ್ಲ.

"ನೋವಿದೆಯಾ?"

"ಏನಿಲ್ಲ ಸರ್."

ಮೇಷ್ಟ್ರು ಹೆಬ್ಬೆರಳಲ್ಲಿ ಒತ್ತಿದರು. ಹುಡುಗಿ ತುಟಿ ಕಚ್ಚಿಕೊಂಡಳು, ಕಣ್ಣು ತುಂಬಿಬಂತು.

"ಬಿಗಿಯಾಗಿ ಪಟ್ಟಿ ಕಟ್ತೀನಿ. ನಾಳೆ ಒಂದು ದಿನ ತಡ್ಕೊ." ಎಷ್ಟು ಮಕ್ಕಳಿಗೆ ಹೇಳಿದ್ದರೋ, ಮಾತು ತಾನಾಗಿ ಬಾಯಿಗೆ ಬಂತು.

ಬಾಗಿಲಲ್ಲಿ ನಿಂತಿದ್ದ ಹೆಡ್‌ಮಿಸ್ಸು ನಿಟ್ಟುಸಿರುಬಿಟ್ಟರು. "ಅವಳಿಲ್ಲದೆ ಆಗಲ್ಲ ಮೇಷ್ಟ್ರೇ. ಈ ಮಕ್ಕಳು ಸೋತೂ ಸೋತೂ ಸೋಲೋದನ್ನೇ ಕಲಿತುಬಿಟ್ಟಿದ್ದಾರೆ. ಒಂದು ಸಲವಾದರೂ ಗೆಲ್ಲೋದು ಬೇಡವಾ?"

ಮೇಷ್ಟ್ರು ಡಬ್ಬಿಯಿಂದ ಪಟ್ಟಿಯ ಸುರುಳಿ ತೆಗೆದರು.

ಹೆಡ್‌ಮಿಸ್ಸು ಅತ್ತ ಹೋದ ಮೇಲೆ ಹುಡುಗಿಯ ಅಪ್ಪ ಬಂದ. ಮನೆಗಳಿಗೆ ಬಣ್ಣ ಬಳಿಯುವವನು; ಉಗುರಿನ ಸುತ್ತ ಸುಣ್ಣ ಮೆತ್ತಿಕೊಂಡಿತ್ತು. ಅವನೂ ಇದೇ ಮೇಷ್ಟ್ರ ಶಿಷ್ಯ. ಎಡಗಾಲನ್ನು ಎಳೆದುಕೊಂಡು ಬಂದವನನ್ನು ಕಂಡು ಮೇಷ್ಟ್ರು ಸ್ಟೂಲು ಸರಿಸಿಕೊಟ್ಟರು.

"ಕಾಲಿಗೇನಾಯ್ತಪ್ಪ?"

"ಹಳೇದೇ ಸರ್. ಒಂಬತ್ತನೇ ಕ್ಲಾಸಲ್ಲಿ ನೀವು ಪಟ್ಟಿ ಕಟ್ಟಿ ಆಡಿಸಿದ್ರಲ್ಲ, ಆ ಕಾಲು. ಒಳಗೆ ಮೂಳೆ ಬಿರುಕುಬಿಟ್ಟಿತ್ತಂತೆ. ವಕ್ರವಾಗೇ ಕೂಡಿಕೊಂಡಿದೆ." ಅವನು ನಕ್ಕ. "ಏಣಿ ಹತ್ತಕ್ಕಾಗಲ್ಲ ಅಷ್ಟೇ. ಕೆಳಗಿನ ಗೋಡೆ ನಂದು, ಮೇಲಿನದು ನನ್ನ ತಮ್ಮನದು. ಹೇಗೋ ನಡೀತಿದೆ. ಇವಳನ್ನೂ ಹಾಗೇ ಗಟ್ಟಿ ಮಾಡಿ ಸರ್."

ಅವನ ಮಾತಿನಲ್ಲಿ ಒಂದಿಷ್ಟೂ ಕಹಿ ಇರಲಿಲ್ಲ. ಬೈದಿದ್ದರೆ ಮೇಷ್ಟ್ರಿಗೆ ಹಗುರಾಗುತ್ತಿತ್ತೇನೋ.

"ಅವತ್ತು ನಿನ್ನನ್ನ ಆಡಿಸಬಾರದಿತ್ತು. ತಪ್ಪು ಮಾಡಿದೆ," ಎಂದರು ತಡೆದು ತಡೆದು.

ಬಣ್ಣದವನ ಮುಖ ಸಪ್ಪಗಾಯಿತು. "ಹಾಗನ್ನಬೇಡಿ ಸರ್. ಜನ ನನಗೆ ಚಪ್ಪಾಳೆ ತಟ್ಟಿದ್ದು ಅದೊಂದೇ ದಿನ."

ಮೇಷ್ಟ್ರು ಬಹಳ ಹೊತ್ತು ಕೈಯಲ್ಲಿದ್ದ ಪಟ್ಟಿಯನ್ನು ಸುತ್ತಿದರು, ಬಿಚ್ಚಿದರು. ಕೊನೆಗೆ ಅದನ್ನು ಮೇಜಿನ ಮೇಲಿಟ್ಟು, "ಚಪ್ಪಾಳೆ ಇವಳಿಗೆ ಮುಂದಿನ ವರ್ಷ ಸಿಗಲಿ. ನಡಿ, ಈಗಲೇ ಮೂಳೆ ಡಾಕ್ಟರ ಹತ್ತಿರ ಹೋಗೋಣ," ಎಂದರು.

ಹುಡುಗಿ ದಾರಿಯುದ್ದಕ್ಕೂ ಅತ್ತಳು. ಮೂಳೆಯಲ್ಲಿ ಸಣ್ಣ ಬಿರುಕು, ಆರು ವಾರ ನೆಲಕ್ಕೆ ಕಾಲೂರಬಾರದು ಎಂದರು ಡಾಕ್ಟರು. ಅಪ್ಪ ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದ, ಕೆಳಗಿಡಲೇ ಇಲ್ಲ.

ಫೈನಲ್‌ನ ಮೊದಲರ್ಧದಲ್ಲೇ ಎದುರಾಳಿಗಳು ಎರಡು ಗೋಲು ಹೊಡೆದರು. ಹೆಡ್‌ಮಿಸ್ಸು ಮೇಷ್ಟ್ರ ಕಡೆ ತಿರುಗಿಯೂ ನೋಡಲಿಲ್ಲ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ ನಾಯಕಿಯೂ ಮುಖ ಆಚೆ ತಿರುಗಿಸಿದ್ದಳು. ಇಪ್ಪತ್ತಾರು ವರ್ಷಗಳ ದಣಿವೆಲ್ಲ ಒಟ್ಟಿಗೆ ಬಂದು ಹೆಗಲ ಮೇಲೆ ಕೂತಂತಾಯಿತು ಮೇಷ್ಟ್ರಿಗೆ.

ವಿರಾಮದಲ್ಲಿ ಮಕ್ಕಳೆಲ್ಲ ನೀರಿನ ಕೊಡಕ್ಕೆ ಮುತ್ತಿಕೊಂಡಾಗ ಗೋಲ್‌ಕೀಪರ್ ಹುಡುಗಿ ಮಾತ್ರ ಮೇಷ್ಟ್ರ ಪಕ್ಕಕ್ಕೆ ಬಂದು ನಿಂತಳು. ನಾಯಕಿಯ ಪ್ಲಾಸ್ಟರನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿದಳು.

"ಸರ್, ಬೈಯಲ್ಲ ತಾನೆ?"

"ಇಲ್ಲ, ಹೇಳಮ್ಮ."

ಅವಳು ನಿಧಾನವಾಗಿ ಗ್ಲೌಸ್ ಕಳಚಿದಳು. ಎರಡು ಬೆರಳು ನೀಲಿಗಟ್ಟಿ ಊದಿದ್ದವು.

"ಹೋದ ತಿಂಗಳಿಂದ ಹೀಗಿದೆ. ಹೇಳೋಕೆ ಭಯ ಆಗ್ತಿತ್ತು."

ಮೇಷ್ಟ್ರು ಅವಳ ಕೈಯನ್ನು ತಮ್ಮೆರಡು ಕೈಗಳಲ್ಲಿ ಹಗುರವಾಗಿ ಹಿಡಿದುಕೊಂಡು, ಬದಲಿ ಆಟಗಾರ್ತಿಯನ್ನು ಕರೆದರು.