ಉತ್ತಯ್ಯನ ಕೋವಿ

"ಬೀಗದ ಕೈ ಎಲ್ಲಿದೆ ಅಂತ ನಿಮಗೆ ಗೊತ್ತಿಲ್ಲ, ಅಲ್ಲವೇ?" ಬಾಗಿಲಲ್ಲಿ ನಿಂತ ಪೊಲೀಸಿನ ಕಿನೋಶಿತಾ ಎರಡನೆಯ ಸಲ ಕೇಳಿದ.

"ಗೊತ್ತಿಲ್ಲ," ಎಂದಳು ಅಹಲ್ಯಾ.

ಅದು ಅವಳ ಸೆರಗಿನ ತುದಿಯ ಗಂಟಿನಲ್ಲೇ ಇತ್ತು. ಒಳಗೆ ಹಾಲ್‌ನಲ್ಲಿ ಅವಳ ಗಂಡ ಉತ್ತಯ್ಯ ಕೊಡವರ ಉದ್ದ ನಿಲುವಂಗಿ, ಬಿಳಿ ಕುಪ್ಯ ತೊಟ್ಟು ಪೆಟ್ಟಿಗೆಯಲ್ಲಿ ಮಲಗಿದ್ದ. ಜಪಾನಿನ ಹಮಾಮತ್ಸುವಿನ ಕಾರ್ಖಾನೆಯಲ್ಲಿ ಎಂಜಿನ್ ಪರೀಕ್ಷೆ ಮಾಡುತ್ತಿದ್ದವನು ಮೊನ್ನೆ ಅಲ್ಲಿಯೇ ಎದೆ ಹಿಡಿದುಕೊಂಡು ಕುಸಿದಿದ್ದ. ಕೊರೋನಾ ಅಲ್ಲ ಎಂದು ಆಸ್ಪತ್ರೆಯವರು ಬರೆದುಕೊಟ್ಟ ಮೇಲೆಯೇ ಹೆಣ ಮನೆಗೆ ಬಂದದ್ದು.

"ಇಂಥ ದಿನ ಬಂದದ್ದಕ್ಕೆ ಕ್ಷಮಿಸಿ. ಒಡೆಯ ಇಲ್ಲದ ರೈಫಲ್ ಮನೆಯಲ್ಲಿ ಇರುವ ಹಾಗಿಲ್ಲ. ಸಂಜೆ ನಾಲ್ಕಕ್ಕೆ ಬರುತ್ತೇವೆ," ಎಂದು ಕಿನೋಶಿತಾ ಸೊಂಟ ಬಗ್ಗಿಸಿ ಹೋದ.

ಈ ದೇಶದಲ್ಲಿ ಕೋವಿಯ ಕಪಾಟಿನ ಬೀಗದ ಕೈ ಎಲ್ಲಿದೆ ಎಂಬುದು ಅದರ ಒಡೆಯನಿಗೆ ಬಿಟ್ಟು ಮತ್ತೊಬ್ಬರಿಗೆ ಗೊತ್ತಿರಬಾರದು, ಕಟ್ಟಿಕೊಂಡ ಹೆಂಡತಿಗೂ. ಪ್ರತಿ ವರ್ಷ ಪೊಲೀಸರು ಕೇಳುತ್ತಿದ್ದರು, ಪ್ರತಿ ವರ್ಷ ಅವಳು ಗೊತ್ತಿಲ್ಲ ಅನ್ನುತ್ತಿದ್ದಳು. ಮೊದಮೊದಲು ಅದು ನಿಜವೂ ಆಗಿತ್ತು. ಉತ್ತಯ್ಯ ಬುದ್ಧಿವಂತ. ಮೈಸೂರಿನ ಸಸ್ಯಾಹಾರಿ ಮನೆಯ ಹೆಣ್ಣು ಹಂದಿ ಸಾರಿಗೆ ಹಾಕುವ ಕಪ್ಪು ಹುಳಿ ಕಾಚಂಪುಳಿಯನ್ನು ಜನ್ಮದಲ್ಲಿ ಮುಟ್ಟುವುದಿಲ್ಲ ಎಂದುಕೊಂಡು, ಆ ಬಾಟಲಿ ಇಟ್ಟ ಡಬ್ಬಿಯೊಳಗೇ ಬಚ್ಚಿಟ್ಟಿದ್ದ. ಒಂದು ಬೇಸಿಗೆಯಲ್ಲಿ ಜಿರಳೆಯ ಕಾಟಕ್ಕೆ ಅಡುಗೆಮನೆ ತೊಳೆಯುವಾಗ ಅವಳ ಕೈಗೆ ಸಿಕ್ಕಿತು. ಸದ್ದಿಲ್ಲದೆ ಇದ್ದಲ್ಲೇ ಇಟ್ಟಳು. ಗಂಡನ ಗುಟ್ಟನ್ನು ಗಂಡನಿಗೂ ಗೊತ್ತಾಗದ ಹಾಗೆ ಕಾಪಾಡಿದವಳು ಅವಳು.

ಇವತ್ತು ಬೆಳಿಗ್ಗೆ ಮಾತ್ರ ಆ ಡಬ್ಬಿಗೆ ಕೈ ಹಾಕಿದ್ದಳು. ಕಾರಣ, ಕೊಡಗಿನ ಅಮ್ಮತ್ತಿಯಿಂದ ಬಂದ ಫೋನು.

ಉತ್ತಯ್ಯನ ಅಣ್ಣ ಪೊನ್ನಪ್ಪ ಮತ್ತೆ ವಿಡಿಯೋದಲ್ಲಿ ಬಂದರು. ಕಣ್ಣು ಕೆಂಪಗಿತ್ತು. ವಿಮಾನವಿಲ್ಲ, ವೀಸಾ ಇಲ್ಲ, ತಮ್ಮನ ಮುಖ ನೋಡಲು ಅಂಗೈ ಅಗಲದ ಗಾಜು ಮಾತ್ರ.

"ಅಹಲ್ಯಾ, ಗುಂಡಿನ ವಿಷಯ ಏನಾಯ್ತಮ್ಮ?"

"ಕೇಳ್ತೀನಿ ಭಾವ. ತೆರಾಡಾ-ಸಾನ್ ಬರ್ತಾರೆ, ಅವರನ್ನ ಕೇಳ್ತೀನಿ."

"ನಮ್ಮಲ್ಲಿ ಗಂಡು ಹುಟ್ಟಿದ್ರೆ ಒಂದು ಗುಂಡು, ಸತ್ತರೆ ಎರಡು. ಅವ ಹುಟ್ಟಿದಾಗ ಅಪ್ಪ ಹಾರಿಸಿದ್ದು ನನಗೆ ನೆನಪುಂಟು. ನಾನಿಲ್ಲಿ ಹಾರಿಸ್ಬಹುದು, ಆದ್ರೆ ಹೆಣ ಎಲ್ಲುಂಟೋ ಅಲ್ಲಿ ಆಗ್ಬೇಕಲ್ಲಾ. ಹಾಗೇ ಬೆಂಕಿಗೆ ಇಡ್ಬೇಡಮ್ಮ. ಕೈ ಮುಗೀತೇನೆ."

ತಮ್ಮನಿಗಿಂತ ಹತ್ತು ವರ್ಷ ದೊಡ್ಡ ಮನುಷ್ಯ ಕೈ ಮುಗಿದೇಬಿಟ್ಟರು. ಮದುವೆಯಲ್ಲಿ ಅವಳ ತವರಿನವರು ಒಬ್ಬರೂ ಬಾರದಿದ್ದಾಗ ತಂದೆಯ ಜಾಗದಲ್ಲಿ ನಿಂತದ್ದು ಇದೇ ಭಾವ. ಅಹಲ್ಯಾಗೆ ಆಗಲ್ಲ ಅನ್ನಲು ಬಾಯಿ ಬರಲಿಲ್ಲ.

*

ತೆರಾಡಾ ಹತ್ತೂವರೆಗೆ ಬಂದ. ಉತ್ತಯ್ಯನ ಬೇಟೆಯ ಗುಂಪಿನ ಮುಖ್ಯಸ್ಥ, ಎಪ್ಪತ್ತು ದಾಟಿದ ಮುದುಕ, ಕಪ್ಪು ಸೂಟು. ಊದುಬತ್ತಿ ಹಚ್ಚಿ, ಪೆಟ್ಟಿಗೆಯ ಮುಂದೆ ಬಹಳ ಹೊತ್ತು ತಲೆ ತಗ್ಗಿಸಿ ಕೂತ. ಅಹಲ್ಯಾ ಕಾದಳು, ಆಮೇಲೆ ನೇರವಾಗಿ ಕೇಳಿದಳು. ಎರಡೇ ಗುಂಡು. ಅವರದೇ ಕೋವಿಯಿಂದ. ಹಿತ್ತಿಲಲ್ಲಿ, ಆಕಾಶಕ್ಕೆ.

ತೆರಾಡಾನ ಮುಖ ಬಿಳಚಿಕೊಂಡಿತು. "ಆಗುವುದಿಲ್ಲ, ಓಕುಸಾನ್. ಇನ್ನೊಬ್ಬರ ರೈಫಲ್ ನಾನು ಎತ್ತಿದರೂ ಅಪರಾಧ. ಊರೊಳಗೆ ಹಾರಿಸಿದರೆ ಜೈಲು. ಬೆಟ್ಟದಲ್ಲಾದರೂ ಬರಿದೇ ಆಕಾಶಕ್ಕೆ ಹೊಡೆಯುವ ಹಾಗಿಲ್ಲ."

"ಅಷ್ಟು ವರ್ಷ ಜೊತೆಗೆ ಬೆಟ್ಟ ಹತ್ತಿದಿರಿ. ನಾನು ಕಟ್ಟಿಕೊಟ್ಟ ಚಿತ್ರಾನ್ನ ತಿಂದಿರಿ. ಅವರಿಗೋಸ್ಕರ ಇಷ್ಟೂ ಆಗುವುದಿಲ್ಲವೇ?" ಅವಳ ಮುರುಕು ಜಪಾನಿಯಲ್ಲಿ ಆ ಮಾತು ಇನ್ನೂ ಒರಟಾಗಿ ಹೊರಬಿತ್ತು.

ಅವನು ಹಣೆ ಚಾಪೆಗೆ ತಾಗುವಂತೆ ಬಾಗಿದ. ಗಡಿಯಾರ ನೋಡಿಕೊಂಡ. ಎದ್ದು, ಶೂ ಸಿಕ್ಕಿಸಿಕೊಂಡು ಹೊರಟುಹೋದ.

"ಹೋಗಲಿ ಬಿಡು! ಉಂಡ ಮನೆ ನೆನಪಿಲ್ಲದ ಜನ!" ಎಂದು ಅಹಲ್ಯಾ ಕನ್ನಡದಲ್ಲಿ ಕೂಗಿದಳು.

ಅವಳು ಹಿಂದಿನ ಕೋಣೆಗೆ ನಡೆದಳು. ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆದಳು. ಹೇಗೆ ಹಿಡಿಯಬೇಕು, ಎಲ್ಲಿ ತುಂಬಬೇಕು, ಒಂದೂ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ: ಹನ್ನೆರಡಕ್ಕೆ ಗಾಡಿ ಬರುತ್ತದೆ, ಒಂದಕ್ಕೆ ಬೆಂಕಿ. ಬೀಗದ ಕೈ ಕಪಾಟಿನ ಬೀಗದೊಳಗೆ ಅರ್ಧ ಹೋಗಿತ್ತು.

"ಅಮ್ಮ! ಡಾಮೆ! ಬೇಡ!" ಮಗಳು ಶ್ರೀರಕ್ಷಾ ಬಾಗಿಲಲ್ಲಿ ನಿಂತಿದ್ದಳು. ಕಾಲೇಜಿಗೆ ಹೋಗುವ ಹುಡುಗಿ, ಹುಟ್ಟಿದ್ದು ಇಲ್ಲಿಯೇ. "ಆ ಕೀ ನಿಂಗೆ ಹೇಗ್ ಸಿಕ್ತು?"

"ಸುಮ್ನಿರು ನೀನು."

"ಅಮ್ಮ, please. ಪೊಲೀಸ್ ಏನ್ ಬರೀತಾರೆ ಗೊತ್ತಾ? ಪಪ್ಪಾ careless ಅಂತ. ಪಪ್ಪಾ ಯಾವತ್ತೂ careless ಇರ್ಲಿಲ್ಲ."

ಅಹಲ್ಯಾಳ ಕೈ ಅಲ್ಲಿಯೇ ನಿಂತಿತು. ಆ ಮಾತು ನಿಜ, ನೂರಕ್ಕೆ ನೂರು ನಿಜ. ಬೀಗದ ಕೈಯನ್ನು ಎಳೆದು ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಅಜಾಗರೂಕನಾಗಿದ್ದರೆ ಈ ಹಾಳು ಕೋವಿ ಆರಿಸುವ ದಿನ ಅಷ್ಟು ಪಾಡು ಪಡುತ್ತಿದ್ದನೇ?

*

ಕೊರೋನಾಕ್ಕೆ ಮುಂಚಿನ ಮಾತು. ಹತ್ತು ವರ್ಷ ಬರೀ ಚರೆಯ ಕೋವಿ ಇಟ್ಟುಕೊಂಡು ತಪ್ಪಿಲ್ಲದೆ ನಡೆದುಕೊಂಡವರಿಗೆ ಮಾತ್ರ ಇಲ್ಲಿ ರೈಫಲ್. ಆ ಹತ್ತು ವರ್ಷ ಮುಗಿದ ವಾರವೇ ಉತ್ತಯ್ಯ ಹೆಂಡತಿಯನ್ನು ಮೊಚಿಜುಕಿ ಮುದುಕನ ಕೋವಿ ಅಂಗಡಿಗೆ ಎಳೆದುಕೊಂಡು ಹೋದ.

ಮೇಜಿನ ಮೇಲೆ ಮೂರು ರೈಫಲ್. ಒಂದರ ಪಕ್ಕೆಗೆ ಬೆಳ್ಳಿಯ ಬಳ್ಳಿ, ಹೂವು, ಓಡುವ ಜಿಂಕೆ. ಇನ್ನೊಂದು ಕರಿ ಪ್ಲಾಸ್ಟಿಕ್ಕಿನ ಹೊಸದು. ಮೂರನೆಯದು ಯಾರೋ ಬಳಸಿ ಬಿಟ್ಟದ್ದು, ಹಿಡಿಯ ಮರ ಹಳೇ ಲಟ್ಟಣಿಗೆಯ ಹಾಗೆ ಕಪ್ಪಾಗಿತ್ತು. ಅಹಲ್ಯಾಗೆ ಜಿಂಕೆಯದೇ ಚೆನ್ನಾಗಿ ಕಂಡಿತು.

ಉತ್ತಯ್ಯ ಬೆಲೆ ಕೇಳಲಿಲ್ಲ. ಒಂದೊಂದನ್ನೇ ಎತ್ತಿ, ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ, ಆಮೇಲೆ ಕಣ್ಣು ಬಿಟ್ಟ. ಜಿಂಕೆಯ ಕೋವಿಗೆ ಗುರಿ ಸಿಗಲು ಕೆನ್ನೆ ಎತ್ತಬೇಕಾಯಿತು. ಹಳೆಯದಕ್ಕೆ ಬೇಕಾಗಲಿಲ್ಲ, ಕಣ್ಣು ಬಿಟ್ಟಲ್ಲೇ ಗುರಿ ಇತ್ತು. ನಳಿಕೆಯ ಬಾಯಿಯ ಅಂಚನ್ನು ಉಗುರಿನಿಂದ ಸವರಿ ಚಕ್ಕೆ ಎದ್ದಿದೆಯೇ ನೋಡಿದ. ಜೇಬಿನಿಂದ ಒಂದು ಚೀಟಿ ತೆಗೆದು ನಳಿಕೆಗೂ ಮರಕ್ಕೂ ನಡುವೆ ತೂರಿಸಿದ. ಜಿಂಕೆಯದರಲ್ಲಿ ಅದು ಅರ್ಧದಲ್ಲೇ ಸಿಕ್ಕಿಕೊಂಡಿತು.

"ಮರ ಕಬ್ಬಿಣಕ್ಕೆ ತಾಗ್ತಿದೆ. ಬಿಸಿ ಆದ್ರೆ ಗುಂಡು ಅಡ್ಡಾದಿಡ್ಡಿ ಹೋಗುತ್ತೆ," ಎಂದ. ಹಳೆಯದರಲ್ಲಿ ಚೀಟಿ ಕೊನೆಯವರೆಗೂ ಸಲೀಸಾಗಿ ಜಾರಿತು.

"ಬದನೆಕಾಯಿ ಆರಿಸೋಕೂ ಇಷ್ಟು ಹೊತ್ತು ಬೇಡ ಕಣ್ರೀ," ಎಂದು ಅವಳು ಗೊಣಗಿದಳು.

"ನೀನು ರೇಷ್ಮೆ ಸೀರೆನ ಒಳಮಗ್ಗುಲು ತಿರುವಿ ನೋಡಲ್ವಾ? ಇದೂ ಅಷ್ಟೇ."

ಮೊಚಿಜುಕಿ ನಕ್ಕು, ಆ ಹಳೆಯದನ್ನು ನಾಳೆ ಮಾರಲು ಹೋದರೆ ಯಾರೂ ಕೊಳ್ಳರು ಎಂದು ಎಚ್ಚರಿಸಿದ.

"ಮಾರುವುದಕ್ಕಲ್ಲ, ಹೊರುವುದಕ್ಕೆ," ಎಂದ ಉತ್ತಯ್ಯ. ಆಮೇಲೆ ಅವಳ ಕಡೆ ತಿರುಗಿ ಕನ್ನಡದಲ್ಲಿ, "ದಿನವೆಲ್ಲಾ ಬೆಟ್ಟ ಸುತ್ತಿ, ಒಂದು ಗುಂಡೂ ಹಾರಿಸದೆ ವಾಪಸ್ ಬರ್ಬೇಕಲ್ಲ, ಆಗಲೂ ಭಾರ ಅನ್ನಿಸ್ಬಾರ್ದು. ಅದು ಒಳ್ಳೇ ಕೋವಿ," ಎಂದ.

ಗುಂಡು ತಳ್ಳುವ ಅಗಣಿಯನ್ನು ಎಳೆದು ತೆಗೆದು, ಬರಿದಾದ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಬಾ, ಅಹಲ್ಯಾ, ಒಂದ್ಸಲ ಒಳಗೆ ನೋಡು. ಎಷ್ಟು ಚೆನ್ನಾಗಿದೆ!"

"ಪ್ರಾಣಿ ಕೊಲ್ಲೋ ಕೊಳವೆ ನಂಗ್ಯಾಕ್ರೀ!" ಎಂದು ಅವಳು ಮುಖ ತಿರುವಿದಳು.

ಆಮೇಲೆ ಎಷ್ಟೋ ಭಾನುವಾರ ಅವನು ಬರಿಗೈಯಲ್ಲಿ, ಗುಂಡೆಲ್ಲ ಹಾಗೇ ಹೊತ್ತು ಮನೆಗೆ ಬಂದ. ಬಂದು ಕೋವಿ ಒರೆಸುತ್ತಾ ಕೂರುತ್ತಿದ್ದ. ಅವಳು ಆ ಕೋಣೆಗೆ ಕಾಲಿಡುತ್ತಿರಲಿಲ್ಲ.

*

ಸುಡುಗಾಡಿನಲ್ಲಿ ಹತ್ತು ಜನಕ್ಕಿಂತ ಹೆಚ್ಚು ಬಿಡುವುದಿಲ್ಲ ಎಂದಿದ್ದರು. ಬಂದವರು ಐದೇ ಜನ. ತೆರಾಡಾ ಇರಲಿಲ್ಲ. ಉತ್ತಯ್ಯನ ಜೊತೆ ಕೆಲಸ ಮಾಡುತ್ತಿದ್ದ ವಿನಾಯಕ್ ದೂರದಲ್ಲೇ ನಿಂತು, "ತೆರಾಡಾ-ಸಾನ್ ಬಂದೇ ಇಲ್ವಲ್ಲ ಮೇಡಂ?" ಎಂದ.

"ಅವರ ಹೆಸರು ಎತ್ಬೇಡಿ," ಎಂದಳು ಅಹಲ್ಯಾ.

ಅಹಲ್ಯಾಳ ಫೋನಿನಲ್ಲಿ ಪೊನ್ನಪ್ಪ ಕಾಯುತ್ತಿದ್ದರು. ಗುಂಡಿನ ಮಾತೆತ್ತಲಿಲ್ಲ, ಅದೇ ಅವಳಿಗೆ ಹೆಚ್ಚು ಸಂಕಟವಾಯಿತು. ಬಿಳಿ ಕೈಗವಸಿನ ನೌಕರ ಒಲೆಯ ಬಾಗಿಲು ತೆರೆದು ಅವಳ ಒಪ್ಪಿಗೆಗಾಗಿ ನೋಡಿದ. ಅವಳು ತಲೆ ಆಡಿಸಬೇಕಿತ್ತು. ಕತ್ತು ಅಲುಗಲಿಲ್ಲ.

ಆಗ ಶ್ರೀರಕ್ಷಾಳ ಫೋನು ನಡುಗಿತು. "ಅಮ್ಮ, ತೆರಾಡಾ-ಸಾನ್! ವಿಡಿಯೋ!"

ಕಪ್ಪು ಸೂಟಿನಲ್ಲೇ ಇದ್ದ ತೆರಾಡಾ. ಕಿವಿಗೆ ಮುಚ್ಚಳ, ಹಿಂದೆ ಮಣ್ಣಿನ ದಿಬ್ಬ, ಅದರ ಮುಂದೆ ಗುರಿಯ ಕಾಗದ. "ಶೂಟಿಂಗ್ ರೇಂಜಿನಲ್ಲಿದ್ದೇನೆ. ಇಲ್ಲಿ ಜಾಗ ಸಿಗುತ್ತದೋ ಇಲ್ಲವೋ ಎಂದು ಆಗ ಹೇಳಲಿಲ್ಲ. ನನ್ನದೇ ರೈಫಲ್, ಕಾಗದಕ್ಕೇ ಹೊಡೆಯುತ್ತೇನೆ, ಯಾವ ಕಾನೂನಿಗೂ ತಪ್ಪಿಲ್ಲ. ಎರಡು, ಅಲ್ಲವೇ?"

"ಎರಡು," ಎಂದಳು ಅಹಲ್ಯಾ. ಎರಡು ಬೆರಳನ್ನೂ ತೋರಿಸಿದಳು.

ತೆರಾಡಾ ಫೋನನ್ನು ಎಲ್ಲೋ ನಿಲ್ಲಿಸಿ ಭುಜಕ್ಕೆ ಕೋವಿ ಏರಿಸಿದ. ಭುಜ ಹಿಂದಕ್ಕೆ ಜಗ್ಗಿತು. ಸದ್ದಿಲ್ಲ! ದೊಡ್ಡ ಸದ್ದನ್ನು ಫೋನೇ ನುಂಗಿಬಿಟ್ಟಿತ್ತು.

"ಏನಾಯ್ತು? ಏನೂ ಕೇಳ್ಲಿಲ್ಲ!" ಅಮ್ಮತ್ತಿಯಿಂದ ಪೊನ್ನಪ್ಪ ಕೂಗಿದರು.

ಶ್ರೀರಕ್ಷಾ "ಚೊತ್ತೊ ಮಾತ್ತೆ! ಸ್ವಲ್ಪ ತಾಳಿ!" ಎಂದು ಕಿರುಚಿದಳು. ಮುಚ್ಚಳದ ಕಿವಿಗೆ ಅದು ಕೇಳಲಿಲ್ಲ. ಎರಡನೆಯದು ಹಾರಿತು. ಈ ಸಲ ಸದ್ದು ಬಂತು, ಪಾತ್ರೆಯ ಮುಚ್ಚಳ ಬಿದ್ದ ಹಾಗೆ, ಚಿಕ್ಕದಾಗಿ.

"ಒಂದೇ ಅಲ್ವಾ ಬಂದದ್ದು?" ಪೊನ್ನಪ್ಪನ ದನಿ ಒಡೆದಿತ್ತು.

"ಎರಡೂ ಆಯ್ತು ಭಾವ. ಒಂದು ನೀವು ಕೇಳಿದ್ರಿ, ಒಂದು ನಾನು ಕಣ್ಣಾರೆ ನೋಡ್ದೆ."

ಅಲ್ಲಿಂದ ಬಿಕ್ಕುವುದು ಕೇಳಿಸಿತು. ಅಹಲ್ಯಾ ನೌಕರನತ್ತ ತಿರುಗಿ ತಲೆ ಆಡಿಸಿದಳು.

*

ನಾಲ್ಕಕ್ಕೆ ಕಿನೋಶಿತಾ ಮತ್ತು ಅವನ ಜೊತೆಗಾರ ಬಂದರು. ಬೀಗದ ಕೈ ಸಿಕ್ಕಿಲ್ಲ ಎಂದಳು. ಕಿನೋಶಿತಾ ಅವಳ ಸೆರಗಿನ ಗಂಟನ್ನೂ ಅವಳ ಮುಖವನ್ನೂ ನೋಡಿದ.

"ಬೀಗ ಒಡೆಯುವವರನ್ನು ಕರೆಸಬೇಕಾಗುತ್ತದೆ. ಅದಕ್ಕೂ ಮೊದಲು ನಾವು ಸ್ವಲ್ಪ ಹೊತ್ತು ಹೊರಗೆ ನಿಂತಿರುತ್ತೇವೆ. ಮನೆಯಲ್ಲಿ ಸಾವಾದಾಗ ಸಾಮಾನು ಎತ್ತಿಡುತ್ತಿದ್ದರೆ ಎಷ್ಟೋ ವಸ್ತು ತಾವಾಗಿಯೇ ಸಿಗುತ್ತವೆ."

ಅವರು ಒಳಗೆ ಬಂದಾಗ ಬೀಗದ ಕೈ ಮೇಜಿನ ಮೇಲಿತ್ತು.

ಕಿನೋಶಿತಾ ಕಪಾಟು ತೆರೆದು ಹಳೆಯ ಕೋವಿಯನ್ನು ಎರಡೂ ಕೈಯಲ್ಲಿ ಹೊರತೆಗೆದ. ಅಗಣಿಯನ್ನು ಉತ್ತಯ್ಯ ನಿಯಮದಂತೆ ಬೇರೆಯಾಗಿಯೇ ಇಟ್ಟಿದ್ದ. ಗುಂಡಿಲ್ಲ ಎಂದು ಖಚಿತಪಡಿಸಿಕೊಳ್ಳಲು ಕಿನೋಶಿತಾ ನಳಿಕೆಯನ್ನು ಕಿಟಕಿಯತ್ತ ಹಿಡಿದ. "ಖಾಲಿ," ಎಂದ. ಮತ್ತೊಮ್ಮೆ ನೋಡಿ, ಮೆಲ್ಲಗೆ, "ಬಹಳ ಚೊಕ್ಕ," ಎಂದ.

"ನಾನೊಂದು ಸಲ ನೋಡಬಹುದೇ?"

ಅವನು ಜೊತೆಗಾರನ ಮುಖ ನೋಡಿದ. "ಮುಟ್ಟುವ ಹಾಗಿಲ್ಲ. ನೋಡಬಹುದು."

ಅಹಲ್ಯಾ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ, ಒಂದು ಕಣ್ಣು ಮುಚ್ಚಿದಳು. ಒಳಗೆ ಬೆಳಕಿನ ಎಳೆಗಳು ಸುತ್ತಿಕೊಳ್ಳುತ್ತಾ, ಎಲ್ಲಿಯೂ ಕಡಿಯದೆ, ತುದಿಯವರೆಗೂ ಹೋಗಿದ್ದವು. ಹೋದ ಭಾನುವಾರ ಉತ್ತಯ್ಯ ಹಚ್ಚಿದ ಎಣ್ಣೆಯ ವಾಸನೆ. ತುದಿಯಲ್ಲಿ ಹುರಿಗಡಲೆಯಷ್ಟು ಆಕಾಶ, ಅದರಲ್ಲಿ ಪಕ್ಕದ ಮನೆಯ ಬೋಳು ಮರದ ಒಂದು ಕೊಂಬೆ.

ಭಾರಕ್ಕೆ ಕಿನೋಶಿತಾನ ತೋಳು ನಡುಗತೊಡಗಿತು. ಅವಳು ಇನ್ನೂ ನೋಡುತ್ತಿದ್ದಳು. ಅವನು ಕೋವಿಯನ್ನು ಇಳಿಸಲಿಲ್ಲ.